ಹೊತ್ತು ಮುಳುಗಿದ ಮೇಲೆ ಓದಿದ ಪತ್ರಗಳು

ನನ್ನ ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಬೆಳಕೂ ಕತ್ತಲೆಯೂ ಆಕೆಗೆ ಈಗ ಒಂದೇ. ಆದರೂ ಹುಡುಗಿಯಾಗಿದ್ದಾಗ ಬಸದಿಯಲ್ಲಿ ಮಾತಾಜಿಯೊಬ್ಬರ ಎದುರು ಹಿಡಿದ ವ್ರತವನ್ನು ಬಿಟ್ಟಿಲ್ಲ. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಉಗಾರ ಬುದ್ರುಕದ ನಮ್ಮ ಮನೆಯಲ್ಲಿ ಆ ವ್ರತವನ್ನು ಕಾಯುತ್ತಿದ್ದುದು ಒಂದು ರೇಡಿಯೋ.

ಅದರಲ್ಲಿ ಬರುತ್ತಿದ್ದುದು ದೇಶಕ್ಕೆಲ್ಲ ಕೇಳುವ ಹಿಂದಿ ನಿಲಯ. ಹಾಡು ಕಡಿಮೆ, ಮಾತು ಹೆಚ್ಚು. ಅಕ್ಕ ಅದನ್ನು ಏಳುವಾಗ ಹಚ್ಚಿದರೆ ಮಲಗುವಾಗಲೇ ಆರಿಸುತ್ತಿದ್ದಳು. ಹಿಂದಿ ಆಕೆಗೆ ಮರಾಠಿಯ ಬೆನ್ನು ಹತ್ತಿ ಬಂದದ್ದು. ಸಂಸ್ಕೃತ ವಾರ್ತೆಗೆ ಮುಖ ತೊಳೆಯುವುದು. ಅದು ಆಕೆಗೂ ತಿಳಿಯದು, ನನಗೂ ತಿಳಿಯದು. ಕೃಷಿಯ ಮಾತಿಗೆ ಹಾಲು. ಸುತ್ತ ಕಬ್ಬಲ್ಲದೆ ಬೇರೇನೂ ಇಲ್ಲದ ಊರಿನಲ್ಲಿ ಕೂತು, ಸೇಬಿನ ಗಿಡಕ್ಕೆ ಹುಳ ಬಿದ್ದರೆ ಏನು ಮಾಡಬೇಕೆಂದು ಗಮನವಿಟ್ಟು ಕೇಳುವಳು. ವೈದ್ಯರ ಸಲಹೆಗೆ ಮಾತ್ರೆ. ಮಧ್ಯಾಹ್ನದ ನಾಟಕದಲ್ಲಿ ಸದಾ ಅತ್ತೆಯ ಪಕ್ಷ. ಸಂಸತ್ತಿನ ವರದಿಗೆ ನಿದ್ದೆ. ಮಕ್ಕಳ ರಸಪ್ರಶ್ನೆಗೆ ಎದ್ದು ಕೂತು, ಮಕ್ಕಳಿಗಿಂತ ಮೊದಲೇ ಉತ್ತರ ಹೇಳುವುದು. ಕೊನೆಗೆ ಕೇಳುಗರ ಪತ್ರಗಳು. ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿ ಅವನ್ನು ಓದುತ್ತಾರೆ. ಅವರಿಬ್ಬರ ನಡುವೆ ಒಳಗೊಳಗೇ ಜಗಳವಿದೆ ಎಂದು ಅಕ್ಕನ ನಂಬಿಕೆ.

ನಾನು ವಸತಿ ಶಾಲೆಯಲ್ಲಿ ಓದಿ, ವಸತಿ ಶಾಲೆಯ ಮೇಲ್ವಿಚಾರಕನಾಗಿ ನಿವೃತ್ತನಾದವನು. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು. ಆದ್ದರಿಂದ ಅಕ್ಕನ ಊಟದ ಲೆಕ್ಕವನ್ನು ನಾನೇ ಗೊತ್ತುಮಾಡಿದ್ದೆ. ಬೇಸಿಗೆಯಲ್ಲಿ ಪತ್ರಗಳು ಮುಗಿದೊಡನೆ ತಟ್ಟೆಗೆ ಕೂರಬೇಕು, ಚಳಿಗಾಲದಲ್ಲಿ ಶುರುವಾಗುವಾಗಲೇ. ಋತು ಬದಲಾದಾಗ ಒಂದು ಮಾತು ಹೇಳಿದರೆ ಆಕೆಗೆ ಸಾಕು. ಒಮ್ಮೆ ಮಾತಾಡುವ ಗಡಿಯಾರ ತಂದುಕೊಟ್ಟಿದ್ದೆ. ಅದು ಬರೀ ಟೈಮು ಹೇಳತೈತಿ, ಸುದ್ದಿ ಹೇಳೂದಿಲ್ಲ ಎಂದು ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟಳು.

ಹೋದ ಚಳಿಗಾಲ, ಕಾರ್ಖಾನೆಗೆ ಕಬ್ಬು ಸಾಗುವ ದಿನಗಳಲ್ಲಿ, ಜೊತೆಗೆ ಓದಿದವನ ಮನೆಯ ಮದುವೆಗೆಂದು ನಾನು ಚಿಕ್ಕೋಡಿಗೆ ಹೋಗಿದ್ದೆ. ಬರುವಾಗ ಕಾಗವಾಡದ ಹತ್ತಿರ ಕಬ್ಬಿನ ಟ್ರ್ಯಾಲಿಯೊಂದು ರಸ್ತೆಗೆ ಅಡ್ಡಬಿದ್ದಿತ್ತು. ಬಸ್ಸು ನಿಂತಲ್ಲೇ ಕತ್ತಲಾಯಿತು. ನನಗೆ ಚಿಂತೆಯೇನೂ ಇರಲಿಲ್ಲ. ನಮ್ಮಲ್ಲಿ ರೊಟ್ಟಿ ಬಡಿಯುವ ಹೆಂಗಸು ತಟ್ಟೆ ಮುಚ್ಚಿಟ್ಟು ತನ್ನ ಮನೆಗೆ ಹೋಗುತ್ತಾಳೆ, ಪತ್ರಗಳು ಶುರುವಾದಾಗ ಅಕ್ಕ ಉಣ್ಣುತ್ತಾಳೆ, ದೀಪ ಹಚ್ಚಲು ಆ ಹೆಂಗಸು ಮತ್ತೆ ಬರುತ್ತಾಳೆ. ದಿನವೂ ಹೀಗೆಯೇ.

ಆ ದಿನ ದೆಹಲಿಯಲ್ಲಿ ಯಾವುದೋ ಉದ್ಘಾಟನೆ. ನೇರ ಪ್ರಸಾರ. ನಾಟಕದ ಹೊತ್ತಿಗೆ ಶುರುವಾದ ಭಾಷಣಗಳು ಒಂದರ ಹಿಂದೊಂದು ಬೆಳೆದವು, ನಡುನಡುವೆ ಚಪ್ಪಾಳೆ. ಅದು ಮುಗಿದ ಮೇಲೆ ಸಂಸತ್ತು, ರಸಪ್ರಶ್ನೆ, ಪತ್ರ ಎಲ್ಲವನ್ನೂ ಸಾಲಾಗಿ ಮುಂದಕ್ಕೆ ತಳ್ಳಿ ಬಿಟ್ಟರು. ಪತ್ರ ಓದುವ ಗಂಡಸೂ ಹೆಂಗಸೂ ಎಂದಿನಂತೆ ನಕ್ಕು ನಮಸ್ಕಾರ ಹೇಳಿದರು. ಅಕ್ಕ ತಟ್ಟೆಯ ಮೇಲಿನ ಬಟ್ಟೆ ತೆಗೆದಳು.

ಹೊರಗಿನ ದೀಪ ಹಚ್ಚಿ, ಒಳಗೆ ಬಾರದೆ ಹೋಗಿದ್ದ ಹೆಂಗಸು, ಹೆಪ್ಪು ಹಾಕಲು ಮರೆತೆನೆಂದು ತಿರುಗಿ ಬಂದಾಗ ಅಕ್ಕನ ಬಾಯಲ್ಲಿ ತುತ್ತಿತ್ತು.

"ಅಕ್ಕಾರ, ಈಗ ಉಣ್ಣಾಕತ್ತೀರಿ? ನೀವು ಆಗಲೇ ಉಂಡೀರಿ ಅಂತ ತಿಳದಿದ್ನಿ. ಹೊತ್ತ ಮುಳಗಿ ಭಾಳ ಹೊತ್ತಾತರಿ."

ನಾನು ಮನೆ ಮುಟ್ಟಿದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ತುತ್ತು ಉಗುಳಿದ್ದಳು, ಆದರೆ ಬಾಯಿ ಮುಕ್ಕಳಿಸಿರಲಿಲ್ಲ. ನೀರು ಮುಟ್ಟುವ ಹಾಗಿಲ್ಲವಲ್ಲ. ಮರುದಿನ ಪೂರ್ತಿ ನಿರಾಹಾರ, ಪಾರಣೆ ಆಚೆ ದಿನ ಬೆಳಿಗ್ಗೆ ಎಂದು ತೀರ್ಮಾನಿಸಿ ಆಗಿತ್ತು. ಸಕ್ಕರೆ ಕಾಯಿಲೆಯವಳು ಹೀಗೆ ಮಾಡಬಾರದು ಎಂದು ನಾನು ಎಷ್ಟು ಹೇಳಿದರೂ ನನ್ನ ಕಡೆ ಮುಖ ತಿರುಗಿಸಲಿಲ್ಲ.

ನನ್ನ ವಸತಿ ಶಾಲೆಯಲ್ಲಿ ಊಟ ತಡವಾದ ದಿನಗಳಿದ್ದವು. ಕಟ್ಟಿಗೆ ಹಸಿಯಾಗಿರಬಹುದು, ಅಡುಗೆಯವನು ಬಂದಿರಲಿಕ್ಕಿಲ್ಲ. ಅಂಥ ದಿನ ನಾನು ಊಟದ ಮನೆಯ ಬಾಗಿಲಲ್ಲಿ ನಿಂತು, ಇವತ್ತು ತಡವಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ. ತಡವಾಗುವುದು ಬೇರೆ, ತಡವಾಗಿಲ್ಲ ಎಂಬಂತೆ ಗಂಟೆ ಹೊಡೆಯುವುದು ಬೇರೆ. ಒಂದೇ ಒಂದು ಮಾತು ಸಾಕಿತ್ತು. ದಿನವಿಡೀ ಮಾತನ್ನೇ ಮಾರುವವರ ಬಳಿ ಆ ಒಂದು ಮಾತು ಇರಲಿಲ್ಲ.

ಮರುದಿನ ನಿಲಯಕ್ಕೆ ಫೋನು ಹಚ್ಚಿದೆ. ಬಹಳ ಸಲ ಹಚ್ಚಿದ ಮೇಲೆ ಒಬ್ಬ ಎತ್ತಿದ. ನೇರ ಪ್ರಸಾರ ಇದ್ದಾಗ ಹಿಂದೆ ಮುಂದೆ ಆಗುವುದು ಸಹಜ, ಬದಲಾವಣೆಯನ್ನು ಮೊಬೈಲಿನಲ್ಲಿ ಹಾಕಿದ್ದೆವಲ್ಲ, ನೋಡಿಕೊಳ್ಳಬೇಕಿತ್ತು ಎಂದ. ಕಣ್ಣಿಲ್ಲದವಳು ಏನನ್ನು ನೋಡಿಕೊಳ್ಳಬೇಕೆಂದು ಕೇಳಿದೆ. ಅಷ್ಟಕ್ಕೂ ಹಿರಿಯರ ಊಟಕ್ಕೂ ನಮಗೂ ಏನು ಸಂಬಂಧ ಎಂದು ಅವನು ಕೇಳಿದ. ನನ್ನ ದನಿ ಅಂಗಳದಾಚೆಗೂ ಕೇಳಿಸಿರಬೇಕು. ಆಮೇಲೆ ರೇಡಿಯೋದ ವೈರು ಕಿತ್ತು, ಅದನ್ನು ಅಟ್ಟದ ಮೇಲೆ ಎಸೆಯಲು ಏಣಿ ತಂದೆ.

"ಅದನ್ನ ಕೆಳಗಿಡು," ಎಂದಳು ಅಕ್ಕ. ಉಪವಾಸದಿಂದ ದನಿ ಒಣಗಿತ್ತು. "ಭಾಷಣ ಉದ್ದಾತು ಅಂತ ನನಗೂ ಅನಿಸಿತ್ತು. ಅವರು ತಪ್ಪಸೂದಿಲ್ಲ ಅಂತ ಕುಂತೆ. ವ್ರತ ನಂದು, ಅವರದೇನಲ್ಲ."

ಇನ್ನು ಮೇಲೆ ನಾನೇ ಹೊತ್ತು ಹೇಳುತ್ತೇನೆ ಎಂದೆ.

"ಹೇಳ್ತಿ. ಕಾಗವಾಡದಾಗ ಸಿಕ್ಕೊಂಡ ಕುಂತು ಹೇಳ್ತಿ ಏನ್ಲೇ, ದೊಡ್ಡ ಗಂಟಿ ಹೊಡ್ಯಾವ?"

ರೊಟ್ಟಿ ಬಡಿಯುವವಳು ಒಲೆಯ ಕಡೆ ತಿರುಗಿ ನಕ್ಕಳು. ನನಗೆ ನಗು ಬರಲಿಲ್ಲ.

ಪಾರಣೆಯ ದಿನದಿಂದ ಅಕ್ಕನ ಸಂಜೆಯ ತಟ್ಟೆ ಪಡುವಣ ಬಾಗಿಲಿನ ಕಟ್ಟೆಗೆ ಬಂತು. ರೇಡಿಯೋ ಎಂದಿನಂತೆ ಒಳಗೆ ಮಾತಾಡುತ್ತಿರುತ್ತದೆ. ಆಕೆ ಅದಕ್ಕೆ ಉತ್ತರವನ್ನೂ ಕೊಡುತ್ತಾಳೆ. ಆದರೆ ಹೊತ್ತನ್ನು ಅದರಿಂದ ಕೇಳುವುದಿಲ್ಲ, ನನ್ನಿಂದಲೂ ಕೇಳುವುದಿಲ್ಲ. ಎಡಗೈಯನ್ನು ಬಿಸಿಲಿಗೆ ಚಾಚಿ ಬಲಗೈಯಲ್ಲಿ ಉಣ್ಣುತ್ತಾಳೆ. ಕೈಯ ಮೇಲಿನ ಬಿಸಿ ಸಣ್ಣದಾಗತೊಡಗಿದರೆ, ರೊಟ್ಟಿ ಅರ್ಧ ಉಳಿದಿದ್ದರೂ ತಟ್ಟೆ ಸರಿಸುತ್ತಾಳೆ. ಇನ್ನೂ ಸಾಕಷ್ಟು ಹೊತ್ತಿದೆ ಎಂದು ನಾನು ಹೇಳಿದರೆ ಕೇಳಿಸದವಳಂತೆ ಕೈ ತೊಳೆಯುತ್ತಾಳೆ.

ಮೋಡ ಕವಿದ ಸಂಜೆ ಆಕೆಗೆ ಊಟವೇ ಇಲ್ಲ. ಈ ಮಳೆಗಾಲದಲ್ಲಿ ಅಂಥ ಸಂಜೆಗಳು ಬಹಳ. ಆಕೆಯ ಬಳೆ ಮೊಣಕೈವರೆಗೆ ಜಾರುತ್ತಿದೆ. ಮುಚ್ಚಿಟ್ಟ ತಟ್ಟೆಯ ಮುಂದೆ ನಾನು ಕೂತಿರುವಾಗ, ಪತ್ರ ಓದುವ ಆ ಇಬ್ಬರು ಒಳಗಿನಿಂದ ನಕ್ಕು ನಮಸ್ಕಾರ ಹೇಳುತ್ತಾರೆ. ಈಗ ಒಂದು ದಿನವೂ ತಡಮಾಡುವುದಿಲ್ಲ.