ಯಂಕವ್ವ ಸಾಕಿದ ಇರುವೆಗಳು

ಯಂಕವ್ವನನ್ನು ನಾನು ಬೈದಷ್ಟು ನನ್ನ ಗಂಡನನ್ನೂ ಬೈದಿಲ್ಲ. ಸುರಪುರದ ಕಡೆಯಿಂದ ಒಂದೇ ಲಾರಿಯಲ್ಲಿ ಪುಣೆಗೆ ಬಂದವರು ನಾವು. ಅವಳ ಗುಡಿಸಲಿಗೂ ನನ್ನದಕ್ಕೂ ನಡುವೆ ಒಂದೇ ತಟ್ಟಿ. ಕಲ್ಲು ಹೊರುವುದರಲ್ಲಿ ಗಂಡಸರಿಗೆ ಸರಿಸಮ, ಆದರೆ ಹಸಿದ ಇರುವೆ ಕಂಡರೂ ಕರಗಿ ನೀರಾಗುತ್ತಿದ್ದಳು.

ಅದಕ್ಕೊಂದು ಕಾರಣವಿತ್ತು. ಮೊದಲ ವರ್ಷ ನಮ್ಮ ಗುಡಿಸಲುಗಳಿಗೆ ಬೆಂಕಿ ಬಿದ್ದಾಗ ಅವಳು ಹಸುಗೂಸನ್ನು ಎದೆಗವಚಿಕೊಂಡು ಓಡಿದ್ದಳು. ಮರುದಿನ ಯಾರೋ ಗುರುತಿಲ್ಲದ ಮುದುಕಿ ಅವಳ ಸೆರಗಿಗೆ ಒಂದು ಬೊಗಸೆ ಜೋಳದ ನುಚ್ಚು ಸುರಿದು ಹೋಗಿದ್ದಳು. ಅದನ್ನು ಅವಳು ಮರೆಯಲಿಲ್ಲ.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಪುಣೆಯ ಕಾತ್ರಜ್ ಕಡೆಯ ಗುಡ್ಡವೊಂದಕ್ಕೆ ಬೆಂಕಿ ಹತ್ತಿ ಹುಲ್ಲೆಲ್ಲ ಸುಟ್ಟಿತು. ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಹುಲ್ಲಿನ ಬೀಜ ಬಿತ್ತುವ ಗುತ್ತಿಗೆ ಒಬ್ಬನಿಗೆ ಸಿಕ್ಕಿತು. ನಾವು ಅವನ ಕೂಲಿಗಳು, ಗುಡ್ಡದ ಬುಡದಲ್ಲಿ ಅವನು ಕೊಟ್ಟ ಜಾಗದಲ್ಲೇ ನಮ್ಮ ಗುಡಿಸಲು. ಗಿಡಗಳ ಮೇಲೆ, ಹುಲ್ಲಿನ ಬುಡದಲ್ಲಿ ಗೂಡು ಕಟ್ಟುತ್ತಿದ್ದ ಕೆಂಪಿರುವೆ ಒಂದೂ ಉಳಿದಿರಲಿಲ್ಲ. ನೆಲದಾಳದಲ್ಲಿದ್ದ ಕರಿಯಿರುವೆಗಳು ಮಾತ್ರ ಹೊರಬಂದು, ಬೂದಿಯಲ್ಲಿ ತಿನ್ನಲೇನೂ ಸಿಗದೆ ಅಲೆಯುತ್ತಿದ್ದವು.

“ನಮ್ಮಂಗ ಆಗ್ಯಾವ ನೋಡು ತಿಪ್ಪವ್ವಾ,” ಎಂದಳು ಯಂಕವ್ವ. ಅಂದಿನಿಂದ ಸೆರಗಿನ ತುದಿಗೆ ನುಚ್ಚು ಕಟ್ಟಿಕೊಂಡು ಎಲ್ಲರಿಗಿಂತ ಮೊದಲೇ ಗುಡ್ಡ ಹತ್ತಿ, ಬಿತ್ತಲು ತನ್ನ ಪಾಲಿಗೆ ಬಂದ ಇಳಿಜಾರಿನಲ್ಲಿದ್ದ ಇರುವೆ ತೂತುಗಳ ಸುತ್ತ ಹಾಕತೊಡಗಿದಳು.

“ಮಕ್ಕಳ ಹೊಟ್ಟಿಗಿ ಸಾಲದ್ದು ಇವಕ್ಕ ಹಾಕ್ತೀಯಲ್ಲ, ತಲಿ ನೆಟ್ಟಗದ ಏನ ನಿನಗ?” ಎಂದು ದಿನಾ ಬೈದೆ. ನಕ್ಕು ಗುಡ್ಡ ಹತ್ತುತ್ತಿದ್ದಳು.

ಬೀಜ ಬಿತ್ತಿದೆವು. ಮಳೆ ಬಿದ್ದು ನಮ್ಮೆಲ್ಲರ ಇಳಿಜಾರುಗಳು ಹಸಿರಾದವು. ಯಂಕವ್ವನದು ಮಾತ್ರ ರೊಟ್ಟಿ ಹಂಚಿನಂತೆ ಕರ್ರಗೇ ಉಳಿಯಿತು.

ಗುತ್ತಿಗೆದಾರನ ಪರವಾಗಿ ನಮ್ಮ ಮೇಲ್ವಿಚಾರಣೆ ಮಾಡುತ್ತಿದ್ದ ಮುಕಾದಮ ಭುಜಂಗ ಸೊಲ್ಲಾಪುರದವನು, ಕನ್ನಡ ಬಲ್ಲವನು. ಬೀಜದ ಚೀಲಗಳಿದ್ದ ತಗಡಿನ ಶೆಡ್ಡು ಗುಡ್ಡದ ಮೇಲೇ ಇತ್ತು. ಯಂಕವ್ವ ನಸುಕಿನಲ್ಲಿ ಒಬ್ಬಳೇ, ಸೆರಗಿಗೆ ಗಂಟು ಕಟ್ಟಿಕೊಂಡು ಅಲ್ಲಿ ಓಡಾಡಿದ್ದನ್ನು ಅವನು ಕಂಡಿದ್ದ. ಅಷ್ಟು ಸಾಕಾಯಿತು. ಗುಡಿಸಲಿಗೆ ಬಂದವನೇ ಅವಳ ಡಬ್ಬಿ, ಹಾಸಿಗೆ ಎಲ್ಲ ಹೊರಗೆ ಎಸೆದ.

“ಬೀಜ ಯಾರಿಗೆ ಮಾರೀದಿ, ಹೇಳು.”

“ಕದ್ದಿಲ್ರಿ ಮುಕಾದಮ್ರ. ಬಿತ್ತೀನ್ರಿ. ನನ್ನ ಮಗಳ ಆಣಿ.”

“ಬಿತ್ತಿದ್ರ ಎಲ್ಲಿ ಹೋತು? ಸಂಜೀತನಕ ಬೀಜ ತೋರಸು. ಇಲ್ಲಂದ್ರ ಈ ಸಾಲು ಪೂರಾ ಖಾಲಿ ಮಾಡ್ರಿ.”

ಮಳೆಗಾಲದಲ್ಲಿ ಎಲ್ಲರ ಸಂಸಾರ ಬೀದಿಗೆ ಬೀಳುತ್ತಿತ್ತು. “ತೊಗೊಂಡಿದ್ರ ಕೊಟ್ಟುಬಿಡಬೇ ಯವ್ವಾ,” ಎಂದು ಪಕ್ಕದ ಮಾನಮ್ಮ ಕೈಮುಗಿದಳು. ನನಗೆ ಸಿಟ್ಟು ನೆತ್ತಿಗೇರಿತು. ಗುದ್ದಲಿ ಹಿಡಿದು, ಯಂಕವ್ವನ ರಟ್ಟೆ ಜಗ್ಗಿಕೊಂಡು, ಬಿತ್ತಿದ ಜಾಗವನ್ನಾದರೂ ತೋರಿಸೋಣವೆಂದು ಗುಡ್ಡ ಹತ್ತಿದೆ. ಭುಜಂಗ ಹಿಂದೆಯೇ ಬಂದ.

ತೂತುಗಳ ಸುತ್ತ ಹೊಟ್ಟು ಬಿದ್ದಿತ್ತು. ಬಗ್ಗಿ ನೋಡಿದೆ. ಹುಲ್ಲಿನ ಬೀಜದ ಹೊಟ್ಟು. ನುಚ್ಚು ತಿಂದು ಹೆಚ್ಚಿದ್ದ ಇರುವೆಗಳು ಅವಳು ಬಿತ್ತಿದ್ದನ್ನೆಲ್ಲ ಒಳಗೆ ಹೊತ್ತೊಯ್ದಿದ್ದವು.

“ಯಕ್ಕಾ, ಕಳ್ಳರು ಇಲ್ಲಿ ಅದಾವ ನೋಡು. ನೀನಽ ಸಾಕೀದಿ.” ಗುದ್ದಲಿ ಎತ್ತಿದೆ.

“ಬ್ಯಾಡ,” ಎಂದು ಯಂಕವ್ವ ನನ್ನ ಕೈ ಹಿಡಿದಳು.

“ಹೊಟ್ಟು ಯಾರ ಬೇಕಾದ್ರೂ ಚೆಲ್ತಾರ. ನನಗ ಬೀಜ ಬೇಕು,” ಎಂದ ಭುಜಂಗ.

ಕೆಳಗೆ ಆಗಲೇ ಪಾತ್ರೆ ಕಟ್ಟುವ ಸದ್ದು ಕೇಳುತ್ತಿತ್ತು. ಅವಳ ಮಗಳು ಅಳುತ್ತಿದ್ದಳು. ಯಂಕವ್ವ ಗುದ್ದಲಿಗೆ ಕೈ ಚಾಚಿದಳು.

“ಕೊಡು ಇಲ್ಲಿ. ಉಣಿಸಿದಾಕಿ ನಾನು, ನಾನಽ ಅಗೀತೀನಿ.”

ಮೊದಲ ಏಟಿಗೆ ಬರಿ ಮಣ್ಣು. ಆಮೇಲೂ ಮಣ್ಣೇ. ಭುಜಂಗ ಬೀಡಿ ಹಚ್ಚಿದ. ಮೊಣಕೈ ಆಳಕ್ಕೆ ಹೋದಾಗ ಬೀಜ ಸುರಿಯಿತು, ಬೊಗಸೆ ಬೊಗಸೆ, ಮೊರದಲ್ಲಿ ಕೇರಿ ಇಟ್ಟಷ್ಟು ಸ್ವಚ್ಛ. ಭುಜಂಗ ಒಂದು ಹಿಡಿ ಎತ್ತಿ ನೋಡಿ, ಬೀಡಿ ಎಸೆದ.

“ಆರಿಸಿ ತಿರುಗಿ ಬಿತ್ತು,” ಎಂದು ಇಳಿದುಹೋದ. ತಪ್ಪಾಯಿತೆಂಬ ಒಂದು ಮಾತಿಲ್ಲ, ಅವನ ಬಾಯಿಗೆ ಮಣ್ಣು ಬೀಳಲಿ.

“ಉಳಕೊಂಡ್ವಿ ಯಕ್ಕಾ,” ಎಂದೆ. ಕುಣಿಯುವಷ್ಟು ಖುಷಿ ನನಗೆ.

ಅವಳು ಗುಂಡಿಯ ಅಂಚಿನಲ್ಲಿ ಕುಸಿದು ಕುಳಿತಿದ್ದಳು. ಇರುವೆಗಳು ಬೀಜ ಬಿಟ್ಟು, ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ದಿಕ್ಕುಗೆಟ್ಟು ಓಡುತ್ತಿದ್ದವು. ಯಂಕವ್ವ ಸೆರಗಿನ ಗಂಟು ಬಿಚ್ಚಿದಳು. ಆ ದಿನದ ನುಚ್ಚು ಇನ್ನೂ ಅದರಲ್ಲೇ ಇತ್ತು. ಅಳುತ್ತ ಅದನ್ನು ಗುಂಡಿಯ ಸುತ್ತ ಸುರಿದಳು. ಒಂದು ಇರುವೆಯೂ ಹತ್ತಿರ ಬರಲಿಲ್ಲ.