ಜೋಡಿ ಸೈಕಲ್ಲಿನ ಬಾಯಮ್ಮ

ಬಾಯಮ್ಮನ ಬಲಗಾಲಿನ ಮೀನಖಂಡದ ಮೇಲೆ ಗರಗಸದ ಹಲ್ಲಿನಂಥ ಒಂದು ಕಪ್ಪು ಗುರುತು ಸದಾ ಇರುತ್ತಿತ್ತು. ಸೈಕಲ್ಲಿನ ಹಲ್ಲುಚಕ್ರ ತಾಗಿ ಹತ್ತಿದ ಎಣ್ಣೆಯ ಮಸಿ. ಭಾನುವಾರ ಇಗರ್ಜಿಗೆ ಹೊರಟಾಗ ಇಸ್ತ್ರಿ ಮಾಡಿದ ಫ್ರಾಕು, ಕೊರಳಲ್ಲಿ ಮುತ್ತಿನ ಸರ, ಕೈಯಲ್ಲಿ ಜಪಮಾಲೆ. ಕೆಳಗೆ ನೋಡಿದರೆ ಆ ಮಸಿ.

"ಕಾಲು ತೊಳಕೊಂಡು ಹೋಗವಾ, ದೇವರ ಮುಂದ ಹೊಂಟೀ" ಎಂದು ನಾನು ಬೇಲಿಯ ಈಚೆಯಿಂದ ಕೂಗುತ್ತಿದ್ದೆ.

"ದೇವರಿಗೆ ಗೊತ್ತುಂಟು ನಾನು ಎಲ್ಲಿಂದ ಬರ್ತೇನೆ ಅಂತ" ಎನ್ನುತ್ತಿದ್ದಳು.

ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ಆಕೆಯದೂ ನಮ್ಮದೂ ಒಂದೇ ಗೋಡೆಯ ಮನೆಗಳು. ಆಕೆ ಉಡುಪಿ ಕಡೆಯವಳು, ಮನೆಮಾತು ಕೊಂಕಣಿ, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ತಮ್ಮ ಊರಿನಲ್ಲಿ ಕ್ರಿಸ್ತರ ಹೆಂಗಸರನ್ನು ಬಾಯಮ್ಮ ಎಂದು ಕರೆಯುತ್ತಾರೆ ಎಂದು ಆಕೆಯೇ ಹೇಳಿದ್ದಳು. ನಾನೂ ಹಾಗೇ ಕರೆದೆ. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಆದರೂ ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಏಕವಚನ. ನಾನು ಗದಗಿನ ಕಡೆಯವಳು, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಬಹುವಚನ ಹಚ್ಚಿ ನಯವಾಗಿ ಮಾತಾಡುವುದು ನನಗೆ ಮೊದಲೇ ಆಗಿಬರುವುದಿಲ್ಲ.

ಆಕೆಯ ಹಿತ್ತಲಿನ ಶೆಡ್ಡಿನಲ್ಲಿ ಒಂದು ಜೋಡಿ ಸೈಕಲ್ ಇತ್ತು. ಒಂದರ ಹಿಂದೊಂದು ಎರಡು ಸೀಟು, ಎರಡು ಜೋಡಿ ಪೆಡಲು. ಪ್ರತಿ ಬೇಸಿಗೆಗೂ ಗಂಡ ಹೆಂಡತಿ ಅದನ್ನು ಹಡಗಿಗೆ ಹಾಕಿಕೊಂಡು ಫ್ರಾನ್ಸಿಗೆ ಹೋಗಿ, ಹಳ್ಳಿಯಿಂದ ಹಳ್ಳಿಗೆ ತುಳಿಯುತ್ತಿದ್ದರಂತೆ. ಗಂಡ ಮುಂದೆ, ಈಕೆ ಹಿಂದೆ. ಗಂಡ ಹೋದ ಮೇಲೆ ಬೇರೆಯವರಾಗಿದ್ದರೆ ಅದನ್ನು ಮಾರುತ್ತಿದ್ದರು. ಈಕೆ ಮುಂದಿನ ಸೀಟಿಗೆ ಬಂದು ಕುಳಿತಳು. ಹಿಂದಿನ ಸೀಟು ಖಾಲಿ ಬಿಟ್ಟುಕೊಂಡು ಆ ಉದ್ದನೆಯ ಸೈಕಲ್ಲನ್ನು ಬೀದಿಯಲ್ಲಿ ಓಡಿಸುವುದನ್ನು ನೋಡಿ, ಈಕೆಗೆ ತಲೆ ಕೆಟ್ಟಿದೆ ಎಂದೇ ನಾನು ತಿಳಿದಿದ್ದೆ.

ಆಗಲೇ ನಮ್ಮ ಮನೆಯವರಿಗೆ ಹೃದಯದ ಆಪರೇಷನ್ ಆಯಿತು. ತೊಂಬತ್ತರ ದಶಕದ ನಡುವಿನ ಮಾತು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಕೆಟ್ಟದ್ದು ಅವರ ಧೈರ್ಯ. ಮೆಟ್ಟಿಲು ಹತ್ತಿದರೆ ಎದೆ ನಿಲ್ಲುತ್ತದೆ ಎಂಬ ಭಯಕ್ಕೆ ಹಾಸಿಗೆಯನ್ನು ಕೆಳಗಿನ ಕೋಣೆಗೆ ತರಿಸಿದರು. ಬೆಳಗಿನಿಂದ ಸಂಜೆವರೆಗೆ ಕಿಟಕಿಯ ಪಕ್ಕದ ಕುರ್ಚಿ, ಎದೆಯ ಮೇಲೊಂದು ಕೈ. ನಡೆಯಿರಿ, ನಡೆಯಿರಿ ಎಂದು ಬಡಾವಣೆಯ ಡಾಕ್ಟರು, ಇಲ್ಲಿನವರು ಜಿಪಿ ಅನ್ನುವವ, ಹೇಳಿ ಹೇಳಿ ಸೋತ. ನಾನು ಬೈದು ಸೋತೆ. ಒಂದು ಚಳಿಗಾಲ ಪೂರಾ ಹೀಗೇ ಹೋಯಿತು. ಕಾಲು ಕಡ್ಡಿಯಾದವು. ಈ ಮನುಷ್ಯ ರೋಗದಿಂದ ಸಾಯುವುದಿಲ್ಲ, ಕುರ್ಚಿಯಿಂದ ಸಾಯುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು.

ಒಂದು ಬೆಳಿಗ್ಗೆ ಬಾಯಮ್ಮ ಎಣ್ಣೆಗೈಯಲ್ಲೇ ನಮ್ಮ ಅಡುಗೆಮನೆ ದಾಟಿ ಬಂದು ಇವರ ಕುರ್ಚಿಯ ಮುಂದೆ ನಿಂತಳು.

"ಎಂತ ಮಾರಾಯ್ರೆ, ಹೊಸ ಪೈಪ್ ಹಾಕಿ ಕೊಟ್ಟಿದ್ದಾರೆ. ಉಪಯೋಗ ಮಾಡ್ಲಿಕ್ಕೆ ಇಲ್ವಾ?"

"ಎದಿ ನಿಂತರ ಏನ್ ಮಾಡ್ಲಿ ಬಾಯಾರ?"

"ನಿಂತ್ರೆ ನಾನು ಇದ್ದೇನಲ್ಲ. ನರ್ಸ್ ನಾನು. ಕುರ್ಚಿಯಲ್ಲಿ ಕೂತಲ್ಲೇ ಎದೆ ನಿಂತ್ರೆ ಯಾರಿದ್ದಾರೆ? ಇವಳಾ? ಇವಳು ಮೊದಲು ಬೈತಾಳೆ, ಆಮೇಲೆ ಫೋನ್ ಮಾಡ್ತಾಳೆ."

ಅವರು ನಕ್ಕರು. ಆಪರೇಷನ್ ಆದ ಮೇಲೆ ಅದೇ ಮೊದಲ ನಗು. ಆ ನಗುವಿನಲ್ಲೇ ಎಬ್ಬಿಸಿ, ಹೊರಗೆ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಕೂರಿಸಿಬಿಟ್ಟಳು.

ಜೋಡಿ ಸೈಕಲ್ಲಿನ ಹಿಕಮತ್ತು ನನಗೆ ಆಮೇಲೆ ತಿಳಿಯಿತು. ಎರಡು ಜೋಡಿ ಪೆಡಲಿಗೂ ಒಂದಕ್ಕೊಂದು ಚೈನಿನ ಸಂಬಂಧ. ಮುಂದಿನವರು ತುಳಿದರೆ ಹಿಂದಿನವರ ಕಾಲು ತಾನೇ ತಿರುಗಬೇಕು. ಬಲ ಹಾಕದಿದ್ದರೂ ಕಾಲು ಸುಮ್ಮನಿರುವಂತಿಲ್ಲ. ಗಾಣದ ಎತ್ತಿನಂತೆ ಅವರ ಕಾಲು ತಿರುಗಿದವು. ಮೊದಮೊದಲು ನಮ್ಮ ಬೀದಿಯ ತುದಿಯವರೆಗೆ, ಆಮೇಲೆ ವಾನ್‌ಸ್ಟೆಡ್ ಮೈದಾನದವರೆಗೆ. ಹಿಂದೆ ತಿರುಗಿ ನೋಡದೆಯೇ ಬಾಯಮ್ಮನಿಗೆ ಎಲ್ಲಾ ಗೊತ್ತಾಗುತ್ತಿತ್ತು. "ಕಾಲು ತಿರುಗ್ತಾ ಉಂಟು, ಆದ್ರೆ ನೀವು ತುಳೀತಾ ಇಲ್ಲ ಮಾರಾಯ್ರೆ. ಇರ್ಲಿ, ತೊಂದ್ರೆ ಇಲ್ಲ" ಎನ್ನುತ್ತಿದ್ದಳು.

ನಮ್ಮ ಮಂದಿ ಬಿಡುತ್ತಾರೆಯೇ? ಸೀರೆ ಅಂಗಡಿಯಲ್ಲಿ ಬೆಂಗಳೂರಿನ ಹೆಂಗಸೊಬ್ಬಳು ನನ್ನ ಕಿವಿಯ ಹತ್ತಿರ ಬಂದಳು. "ಏನ್ರೀ ಆಂಟಿ, ನಿಮ್ಮ ಯಜಮಾನ್ರು ಆ ವಿಧವೆ ಬೆನ್ನಿಗೆ ಅಂಟ್ಕೊಂಡು ಹೋಗ್ತಿದ್ರಲ್ಲಾ?"

"ಅಂಟಿಕೊಂಡರ ಏನಾತು, ಎದ್ದಾರಲ್ಲ" ಎಂದೆ. "ನನ್ನ ಬೆನ್ನಿಗೆ ಕೂಡಿಸಿದ್ರ ಇಬ್ಬರೂ ಗಟಾರದಾಗ ಇರತಿದ್ವಿ."

ಬಾಯಮ್ಮನಲ್ಲಿ ಐಬು ಇರಲಿಲ್ಲ ಎಂದಲ್ಲ. ನನ್ನ ರೊಟ್ಟಿಹಿಟ್ಟು ನಾದುವ ಪರಾತದಲ್ಲಿ ಸೀಮೆಎಣ್ಣೆ ಸುರಿದು ಚೈನು ತೊಳೆದಳು. ಕೇಳಿದರೆ, "ಅಗಲ ಪಾತ್ರೆ, ಒಳ್ಳೆದುಂಟು" ಎಂದಳು. ಒಂದು ವಾರ ಮಾತು ಬಿಟ್ಟೆ. ಆಕೆಗೆ ಅದು ಗೊತ್ತೇ ಆಗಲಿಲ್ಲ, ಅಷ್ಟು ಮಾತಾಡುತ್ತಿದ್ದಳು.

ಚಳಿಗಾಲದ ಸಂಜೆಗಳಲ್ಲಿ ಫ್ರಾನ್ಸಿನ ನಕ್ಷೆಯನ್ನು ನಮ್ಮ ಮೇಜಿನ ಮೇಲೆ ಹರಡಿ, ಮೂಲೆಗೆ ನನ್ನ ಮಸಾಲೆ ಡಬ್ಬಿ ಇಟ್ಟು ದಾರಿ ಹುಡುಕುತ್ತಿದ್ದಳು. "ಕೆಂಪು ರಸ್ತೆ ಲಾರಿಗೆ. ಹಳದಿ ರಸ್ತೆ ಅವಸರದವರಿಗೆ. ಬಿಳಿ ರಸ್ತೆ ನಮಗೆ." ಬಿಳಿ ಎಂದರೆ ನಕ್ಷೆಯಲ್ಲಿ ದಾರದಷ್ಟು ಸಣ್ಣಗೆ ಕಾಣುವ ಹಳ್ಳಿದಾರಿ. ಒಂದು ಇಗರ್ಜಿಯ ಗೋಪುರದ ಬುಡದಲ್ಲಿ ನಿಂತರೆ ಮುಂದಿನ ಊರಿನ ಗೋಪುರ ಕಾಣಬೇಕು, ಅಲ್ಲಿಗೆ ಹೋದರೆ ಮತ್ತೊಂದು. ಅದೇ ಆಕೆಯ ಲೆಕ್ಕ. ನಮ್ಮವರು ಕನ್ನಡಕ ಹಾಕಿಕೊಂಡು ಬೆರಳಲ್ಲಿ ದಾರಿ ಹಿಡಿಯತೊಡಗಿದರು. ಎದೆಯ ಮೇಲಿನ ಕೈ ನಕ್ಷೆಯ ಮೇಲೆ ಬಂದದ್ದನ್ನು ನಾನು ಚಪಾತಿ ಲಟ್ಟಿಸುತ್ತ ನೋಡಿದೆ. ಏನೂ ಹೇಳಲಿಲ್ಲ. ಹೇಳಿದರೆ ತಿರುಗಿ ಎದೆಗೆ ಹೋಗುತ್ತಿತ್ತು.

ಮುಂದಿನ ಜೂನಿನಲ್ಲಿ ಹೊರಟೆವು. ಜೋಡಿ ಸೈಕಲ್ಲಿನಲ್ಲಿ ಅವರಿಬ್ಬರು, ಹಿಂದೆ ಮಗ ಓಡಿಸುವ ಕಾರಿನಲ್ಲಿ ನಾನು, ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಮಾತ್ರೆಗಳ ಚೀಲ. ಫ್ರಾನ್ಸಿನ ಕಲೇ ಬಂದರಿನಲ್ಲಿ ಹಡಗು ಇಳಿದು ಒಳನಾಡಿಗೆ ತಿರುಗಿದೆವು. ಎರಡೂ ಕಡೆ ಗೋದಿ, ನಡುನಡುವೆ ಕೆಂಪು ಗಸಗಸೆ ಹೂವು, ಹೊಲದ ಮಣ್ಣು ಸುಣ್ಣದ ಹಾಗೆ ಬಿಳಿ. ಇಂಥ ಮಣ್ಣಿನಲ್ಲಿ ಇಷ್ಟು ಬೆಳೆ ಹೇಗೆ ಬರುತ್ತದೆ ಎಂದು ಎರೆಹೊಲದಲ್ಲಿ ಹುಟ್ಟಿದ ನನಗೆ ಇವತ್ತಿಗೂ ತಿಳಿದಿಲ್ಲ.

ಎರಡನೆಯ ದಿನ ಬಿಸಿಲು ಏರಿತು. ಒಂದು ಉದ್ದನೆಯ ಏರು ಹತ್ತಿ ಒಂದು ಹಳ್ಳಿ ಮುಟ್ಟುವಷ್ಟರಲ್ಲಿ ಬಾಟಲಿಗಳು ಖಾಲಿ. ಕಾರಿನಲ್ಲಿದ್ದ ನೀರನ್ನೂ ನಮ್ಮವರೇ ಕುಡಿದು ಮುಗಿಸಿದ್ದರು. ಫ್ರಾನ್ಸಿನ ಹಳ್ಳಿಯಲ್ಲಿ ಮಧ್ಯಾಹ್ನ ಹನ್ನೆರಡಾದರೆ ಅಂಗಡಿ ಬಾಗಿಲು ಎಳೆದು ಊಟಕ್ಕೆ ಹೋಗುತ್ತಾರೆ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ನಮ್ಮವರು ಇಗರ್ಜಿಯ ಕಟ್ಟೆಗೆ ಒರಗಿ ಕುಳಿತರು. ಮುಖ ಬಿಳಿಚಿತ್ತು. ಕೈ ಮೆಲ್ಲಗೆ ಎದೆಗೆ ಹೋಯಿತು.

"ಸಾಕು. ನಾ ಇನ್ನ ಕಾರಿನ್ಯಾಗ ಬರತೇನಿ" ಎಂದರು. ಇಲ್ಲಿ ಕಾರು ಹತ್ತಿದರೆ ಈ ಮನುಷ್ಯ ಕಾರಿನಿಂದ ಇಳಿದು ನೇರ ಆ ಕುರ್ಚಿಗೆ ಹೋಗುತ್ತಾನೆ ಎಂದು ನನಗೂ ಗೊತ್ತು, ಬಾಯಮ್ಮನಿಗೂ ಗೊತ್ತು. ಆಕೆ ನಾಡಿ ಹಿಡಿದು ನೋಡಿದಳು. "ನಾಡಿ ಸರಿ ಉಂಟು. ಬಾಯಾರಿಕೆ ಅಷ್ಟೇ" ಎಂದು ಬಾಟಲಿ ಎತ್ತಿಕೊಂಡು, ಇಗರ್ಜಿಯ ಪಕ್ಕದ ಕಬ್ಬಿಣದ ಗೇಟು ತೆಗೆದು ಸಮಾಧಿಗಳ ನಡುವೆ ನಡೆದುಹೋದಳು. ಬಾಟಲಿ ತುಂಬಿಸಿಕೊಂಡು ಬಂದಳು.

ನಾನು ಅಡ್ಡ ನಿಂತೆ. "ಏನವಾ, ಸುಡುಗಾಡ ನೀರು ನನ್ನ ಗಂಡಗ ಕುಡಸ್ತೀಯಾ? ಸಾವಿನ ಬಾಯಾಗಿಂದ ತಿರುಗಿ ಬಂದಾರ ಅವರು!"

"ಸತ್ತವರಿಗೆ ನೀರು ಬೇಡ ಮಾರಾಯ್ತಿ. ಅವರ ಹೂವಿಗೆ ಬೇಕು, ಅದಕ್ಕೆ ನಲ್ಲಿ ಇಟ್ಟದ್ದು. ನಾನೂ ನನ್ನವರೂ ಎಷ್ಟು ಊರಿನ ಸಿಮೆಟ್ರಿ ನೀರು ಕುಡಿದಿದ್ದೇವೆ! ಕುಡಿಯಬಾರ್ದು ಅಂತಾದ್ರೆ ಬೋರ್ಡ್ ಇರ್ತದೆ. ನೋಡಿಯೇ ತಂದದ್ದು."

"ನಿನ್ನವರು ಎಲ್ಲಿದ್ದಾರ ಈಗ?" ಎಂದುಬಿಟ್ಟೆ.

ಆಕೆ ಸಿಟ್ಟಾಗಲಿಲ್ಲ. "ಅವರು ಹೋದದ್ದು ನೀರು ಕುಡಿದು ಅಲ್ಲ. ಹಾಸಿಗೆಯಲ್ಲಿ" ಎಂದು ನನ್ನ ಭುಜದ ಮೇಲಿಂದಲೇ ಬಾಟಲಿ ಚಾಚಿದಳು. ನಮ್ಮವರು ನನ್ನ ಮುಖ ನೋಡಿದರು, ಆಕೆಯ ಮುಖ ನೋಡಿದರು, ಬಾಟಲಿ ಎತ್ತಿ ಗಟಗಟನೆ ಕುಡಿದರು. ಮಾತ್ರೆ ನುಂಗಿದರು. ಉಳಿದದ್ದನ್ನು ತಲೆಗೆ ಸುರಿದುಕೊಂಡರು. ಮಗನೂ ಕುಡಿದ. ನಾನು ಮಾತ್ರ ಅಂಗಡಿ ಬಾಗಿಲು ತೆಗೆಯುವವರೆಗೆ ಒಣಗಿದ ನಾಲಿಗೆಯಲ್ಲಿ ಕುಳಿತೆ.

ಬಿಸಿಲು ಇಳಿದ ಮೇಲೆ ಅವರೇ ಎದ್ದರು. "ನಡೀರಿ ಬಾಯಾರ, ಮುಂದಿನ ಗೋಪುರ ಕಾಣಸ್ತೈತಿ."

ಊರಾಚೆ ರಸ್ತೆ ಸಮವಾಗಿತ್ತು, ಗೋದಿಯ ನಡುವೆ ನೇರ. ಹಿಂದಿನಿಂದ ಕಾರಿನಲ್ಲಿ ನೋಡುತ್ತಿದ್ದೇನೆ, ಬಾಯಮ್ಮ ಎರಡೂ ಪಾದಗಳನ್ನು ಪೆಡಲಿನಿಂದ ಎತ್ತಿ, ಕಾಲುಗಳನ್ನು ಎಡಕ್ಕೂ ಬಲಕ್ಕೂ ಕೊಕ್ಕರೆಯ ಹಾಗೆ ಚಾಚಿದಳು. ಬಲಗಾಲಿನ ಕಪ್ಪು ಗುರುತು ಬಿಸಿಲಿಗೆ ಹೊಳೆಯಿತು. ಸೈಕಲ್ಲು ಮಾತ್ರ ಹೋಗುತ್ತಲೇ ಇತ್ತು. ತುಳಿಯುತ್ತಿದ್ದವರು ನಮ್ಮವರೊಬ್ಬರೇ. ಮಗ ಹಾರ್ನ್ ಹೊಡೆಯಲು ಹೋದ, ಕೈಗೆ ಒಂದು ಬಿಟ್ಟೆ.

ಆ ಸಂಜೆ ಆಕೆ ನನ್ನನ್ನು ಪಕ್ಕಕ್ಕೆ ಕರೆದು, "ಹೇಳ್ಬೇಡ ಆಯ್ತಾ. ಹೇಳಿದ್ರೆ ಪುನಃ ಎದೆ ಹಿಡ್ಕೊಳ್ತಾರೆ" ಎಂದಳು. ಹೇಳಲಿಲ್ಲ. ಲಂಡನ್ನಿಗೆ ಬಂದ ಮೇಲೆ ಹಾಸಿಗೆ ಮೇಲಿನ ಕೋಣೆಗೆ ಹೋಯಿತು. ಆ ಕುರ್ಚಿಯನ್ನು ನಾನೇ ಹೊರಗೆ ಹಾಕಿದೆ, ಕೌನ್ಸಿಲ್ಲಿನ ಕಸದ ಗಾಡಿ ಒಯ್ದಿತು. ಆಮೇಲೆ ಎಷ್ಟೋ ಬೇಸಿಗೆ ಅವರಿಬ್ಬರು ಬಿಳಿ ರಸ್ತೆಗಳನ್ನು ತುಳಿದರು. ಕಾರೂ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಬಾಯಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಆಸ್ಪತ್ರೆಗೆ ಹೋದಾಗ ಹೊದಿಕೆ ಸರಿದು ಕಾಲು ಕಂಡಿತು. ಬಲಗಾಲು ಚೊಕ್ಕಟವಾಗಿತ್ತು. ಮಸಿ ಇಲ್ಲದ ಆ ಕಾಲು ನೋಡಿದಾಗಲೇ ಇನ್ನು ಈಕೆ ಉಳಿಯುವುದಿಲ್ಲ ಎಂದು ನನಗೆ ತಿಳಿಯಿತು. ಆಕೆಗೂ ತಿಳಿದಿತ್ತು. "ಸೈಕಲ್ ನಿಮಗೆ. ಚೈನ್ ನಿನ್ನ ಪರಾತದಲ್ಲೇ ತೊಳಿ" ಎಂದಳು. ನಾನು ಅಳಲಿಲ್ಲ. ಅತ್ತಿದ್ದರೆ ಬೈಯುತ್ತಿದ್ದಳು.

ಮಣ್ಣು ಮಾಡಿದ ಮೇಲೆ ಒಂದು ದಿನ ನಾವಿಬ್ಬರೇ ಹೂ ತೆಗೆದುಕೊಂಡು ಹೋದೆವು. ಸಮಾಧಿಗಳ ಸಾಲಿನ ಕೊನೆಯಲ್ಲಿ ಒಂದು ನಲ್ಲಿ. ನಮ್ಮವರು ಸೈಕಲ್ಲಿನ ಬಾಟಲಿ ತುಂಬಿಸಿ ಹೂವಿಗೆ ಹಾಕಿದರು. ಆಗ ನಾನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿದೆ. "ಆವತ್ತ ಆಕಿ ಕಾಲು ಎತ್ತಿದ್ದಳು. ತುಳದಾವ್ರು ನೀವೊಬ್ಬರ."

"ಗೊತ್ತೈತಿ" ಎಂದರು. "ಒಮ್ಮಿಂದೊಮ್ಮೆ ಭಾರ ಬಿತ್ತಲ್ಲ, ಗೊತ್ತಾಗಲ್ಲೇನ? ಸುಮ್ಮನಿದ್ದೆ. ಕೇಳಿದ್ರ ಆಕಿ ಕಾಲು ಇಳಸ್ತಿದ್ದಳು."

ಬಾಟಲಿ ಮತ್ತೆ ತುಂಬಿಸಿ ತಾವೊಂದು ಗುಟುಕು ಕುಡಿದು ನನ್ನ ಕಡೆ ಚಾಚಿದರು. ನಾನು ನಲ್ಲಿಯ ಹತ್ತಿರ ಹೋಗಿ, ಹಿಂದೆ ಮುಂದೆ ಬಗ್ಗಿ ನೋಡಿದೆ. ಬೋರ್ಡ್ ಇರಲಿಲ್ಲ. ಕುಡಿದೆ. ತಣ್ಣಗಿತ್ತು. ಬರೀ ನೀರು.