ಹಡಗು ಹತ್ತಿದ ಕಡಕ್ ರೊಟ್ಟಿ

ಜೋಳದ ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ ಎಂದು ನವಲಗುಂದದಲ್ಲಿ ಎಲ್ಲರೂ ನಂಬಿದ್ದೆವು. ನಾನೂ ನಂಬಿದ್ದೆ.

ಮುಂಬೈಯಲ್ಲಿ ಪ್ರವಾಸಿ ಹಡಗು ಹತ್ತುವಾಗ ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ಚೀಲದ ತುಂಬ ರೊಟ್ಟಿ, ಶೇಂಗಾ ಚಟ್ನಿ. ಮಾಂಸ ಬೇಯಿಸುವ ಅಡುಗೆಮನೆಯಿಂದ ಬಂದ ಊಟವನ್ನು ಆಕೆ ಮುಟ್ಟುವುದಿಲ್ಲ. ಕೊಚ್ಚಿ ತಲುಪುವವರೆಗೆ ಆಕೆಗೆ ಇದೇ ಊಟ. ಬಂದರಿನ ತಪಾಸಣೆಯವನು ಚೀಲ ತಡೆದು, ಕೆಡುವ ತಿನಿಸು ಬಿಡುವಂತಿಲ್ಲ ಎಂದು ಹಿಂದಿಯಲ್ಲಿ ಹೇಳಿದ.

“ಏನಂತಾನೋ ಅವಾ?”

“ರೊಟ್ಟಿ ಕೆಡ್ತಾವಂತ, ಕಾಕು.”

“ಕೆಡ್ತಾವಾ? ಇವನ ಮನ್ಯಾಗ ಯಾರೂ ರೊಟ್ಟಿ ಬಡಿಯೂದಿಲ್ಲೇನು?”

ಆಕೆ ಒಂದು ರೊಟ್ಟಿಯನ್ನು ಅವನ ಮುಖದೆದುರು ಟಪ್ಪನೆ ಮುರಿದಳು. ಅವನು ಹಪ್ಪಳವೇ ಎಂದು ಕೇಳಿದ. ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ತಿಂಗಳವರೆಗೆ ಏನೂ ಆಗುವುದಿಲ್ಲ ಎಂದು ಭರವಸೆ ಕೊಟ್ಟೆ. ಅವನು ತಲೆ ಕೆರೆದುಕೊಂಡು ಚೀಲವನ್ನು ಒಳಗೆ ಬಿಟ್ಟ.

ಊರಿನಲ್ಲಿ ಮಾಡುವಂತೆ, ಗಾಳಿಯಾಡಲಿ ಎಂದು ಕಾಕು ರೊಟ್ಟಿಯ ಬಟ್ಟೆಗಂಟನ್ನು ಕೋಣೆಯ ಬಾಲ್ಕನಿಯಲ್ಲಿ, ಸಮುದ್ರಕ್ಕೆ ಎದುರಾಗಿ ತೂಗುಹಾಕಿದಳು. ನಾನೇ ಗಂಟು ಬಿಗಿದೆ. ಮೂರನೆಯ ದಿನ ಊಟಕ್ಕೆ ಕುಳಿತಾಗ ಸುತ್ತ ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆಕೆ ಗಂಟು ಬಿಚ್ಚಿ ಒಂದು ರೊಟ್ಟಿ ಎತ್ತಿ, ನನ್ನ ಮುಖ ನೋಡಿದಳು.

“ಇವು ನಮ್ಮುವಽ ಹೌದಿಲ್ಲೋ?”

ಸಮುದ್ರದ ತೇವಕ್ಕೆ ಮೆತ್ತಗಾದ ರೊಟ್ಟಿಗೆ ಬೂಷ್ಟು ಹಿಡಿದಿತ್ತು.